ಗಂಡನ ಮೇಟ್

ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು ಭೀಮಾನದಿಯ ದಂಡೆಯಲ್ಲಿ. ಮಧ್ಯಾಹ್ನದ ಹೊತ್ತು, ತಲೆಯ ಮೇಲೆ ರೊಟ್ಟಿಬುಟ್ಟಿ ಹೊತ್ತು ನಿಂತಿದ್ದೆ. ದಿನ್ನೆಯ ಮೇಲಿಂದ ಯಾರೋ "ಏ ಮೇಟ್!" ಎಂದು ಕೂಗಿದರು. ಹರಿಗೋಲನ್ನು ದಡಕ್ಕೆ ಹಚ್ಚುತ್ತಿದ್ದ ನನ್ನ ಗಂಡ ಕತ್ತೆತ್ತಿ ನೋಡಿದರು. ಆಮೇಲೆ ಕೈಯಲ್ಲಿದ್ದ ಹುಟ್ಟನ್ನು ನೀರಿಗೆ ಬಿಟ್ಟು, ಹರಿಗೋಲಿನಲ್ಲಿ ಇನ್ನೂ ಇಳಿಯದೆ ಕೂತಿದ್ದ ಜನರನ್ನೂ ಬಿಟ್ಟು, ಮಕ್ಕಳ ಹಾಗೆ ದಿನ್ನೆ ಹತ್ತಿ ಓಡಿದರು. ಹುಟ್ಟು ತೇಲಿ ಹೊರಟಿತ್ತು. ಬುಟ್ಟಿ ಇಳಿಸಿಟ್ಟು, ಸೀರೆ ಎತ್ತಿ ಕಟ್ಟಿ, ಮೊಳಕಾಲುದ್ದ ನೀರಿಗಿಳಿದು ಅದನ್ನು ಹಿಡಿದವಳು ನಾನು.

ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿ ನಿಂತಿದ್ದರು. ಬಂದವನು ನೀಲಿ ಪಾಟಲೋನು ತೊಟ್ಟಿದ್ದ, ಕೊರಳಿಗೆ ಕೆಂಪು ರುಮಾಲು ಸುತ್ತಿದ್ದ. ನನ್ನ ಗಂಡ ಅವನ ಬೆನ್ನನ್ನು ಗುದ್ದುತ್ತ, ನಗುತ್ತ, ಕಣ್ಣೊರೆಸಿಕೊಳ್ಳುತ್ತ ಇದ್ದರು. ನಮ್ಮ ಮದುವೆಯಾಗಿ ಆಗ ಎರಡು ವರ್ಷ. ನನ್ನನ್ನು ನೋಡಿ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ತವರಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬಂದಾಗಲೂ "ಬಂದ್ಯಾ" ಎಂದದ್ದಷ್ಟೇ.

ಇದು ನಿಜಾಮರ ಆಳಿಕೆ ಮುಗಿಯುತ್ತ ಬಂದ ಕಾಲದ ಮಾತು. ನನ್ನ ಗಂಡನ ಮನೆ ಯಾದಗಿರಿಯಲ್ಲಿ, ಹೊಳೆಯ ಕಡೆಯ ಓಣಿಯಲ್ಲಿ. ಮಳೆಗಾಲದಲ್ಲಿ ಊರಿಂದ ಕೆಳಗಿನ ಕಡವಿನಲ್ಲಿ ಹರಿಗೋಲು ಹಾಕುವುದು, ಮೀನು ಹಿಡಿಯುವುದು. ಹೊಳೆ ಇಳಿದ ಮೇಲೆ ರಸ್ತೆಯ ಕೆಲಸಕ್ಕೆ ಹೋಗುವುದು. ಮಾವ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ಗಂಡ, ನಾನು. ನನ್ನ ತವರು ಸುರಪುರ. ಅಪ್ಪ ಕೃಷ್ಣೆಯ ದಂಡೆಯ ಮೀನುಗಾರರ ಮನೆಯಲ್ಲಿ ಹುಟ್ಟಿ ಹೇಗೋ ಅಕ್ಷರ ಕಲಿತವರು. ಸರ್ಕಾರಿ ಶಾಲೆಯಲ್ಲಿ ಎಲ್ಲವೂ ಉರ್ದು ಆಗಿದ್ದ ಆ ದಿನಗಳಲ್ಲಿ ತಮ್ಮ ಮನೆಯ ಪಡಸಾಲೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕನ್ನಡ ಕಲಿಸುತ್ತಿದ್ದರು. ನಾನೂ ಆ ಸಾಲಿನಲ್ಲಿ ಕೂತು ಓದು ಬರಹ ಕಲಿತಿದ್ದೆ. ಅಕ್ಷರವಿಲ್ಲದ ಮನೆಗೆ ಬಂದೆನಲ್ಲ ಎಂಬ ಸೊಕ್ಕು ನನ್ನೊಳಗೆ ಇತ್ತು.

ಬಂದವನು ಯಾರೆಂದು ಆ ಸಂಜೆ ಅತ್ತೆಯಿಂದ ತಿಳಿಯಿತು. ಊರು ಮುಟ್ಟದೆ ದೂರ ಇಟ್ಟಿದ್ದ ಕೇರಿಯ ಹುಡುಗ. ನನ್ನ ಗಂಡ ಮತ್ತು ಅವನು ಸಣ್ಣವರಿದ್ದಾಗ ಒಂದೇ ಹೊಳೆಯಲ್ಲಿ ಎಮ್ಮೆ ಮೈ ತೊಳೆದವರು, ಒಂದೇ ಬಂಡೆಯಿಂದ ಜಿಗಿದು ಈಜಿದವರು. ಮೀಸೆ ಮೂಡುವ ಹೊತ್ತಿಗೆ ಅವನು ಯಾರಿಗೂ ಹೇಳದೆ ಮುಂಬಯಿಯ ಗಾಡಿ ಹತ್ತಿದ್ದ. ಆರು ವರ್ಷ ಸುದ್ದಿಯಿರಲಿಲ್ಲ. ಬಂದರದಲ್ಲಿ ಮೂಟೆ ಹೊತ್ತು, ಆಮೇಲೆ ಒಂದು ಹಡಗು ಸೇರಿ, ಅಡುಗೆಯವನ ಕೈಕೆಳಗಿನ ಆಳಾಗಿದ್ದ. ಈಗ ಹಡಗು ದುರಸ್ತಿಗೆ ನಿಂತಿದೆ, ತಾಯಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಾಳೆ, ಅದಕ್ಕೆ ಬಂದಿದ್ದಾನೆ.

"ಅಂವ ನೀರಿನ ಹುಳಾ ಇದ್ದಂಗ. ಮತ್ತ ಹೋಗ್ತಾನ ಬಿಡು," ಎಂದರು ಅತ್ತೆ.

ಹೋಗಲಿ ಎಂದೇ ನಾನು ಬಯಸಿದೆ.

ನನ್ನ ಅಸೂಯೆ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ಮನೆಯಲ್ಲಿ ಅತ್ತೆಯ ಎದುರು ಗಂಡನ ಜೊತೆ ಮಾತಾಡುವ ರೂಢಿಯಿರಲಿಲ್ಲ. ದಿನಕ್ಕೊಮ್ಮೆ, ರೊಟ್ಟಿಬುಟ್ಟಿ ಒಯ್ದಾಗ, ಕಡವಿನ ಜಾಲಿಮರದ ನೆರಳಿನಲ್ಲಿ ಅವರು ಉಣ್ಣುವಷ್ಟು ಹೊತ್ತು ನಾನು ಎರಡು ಮಾರು ದೂರ ಕೂತಿರುತ್ತಿದ್ದೆ. ಅವರು ಹೆಚ್ಚು ಮಾತಿನವರಲ್ಲ. "ನೀರ ಏರೇದ," "ಖಾರದ ಹಿಂಡಿಗಿ ಉಪ್ಪ ಕಮ್ಮಿ ಆಗ್ಯಾದ," ಇಷ್ಟೇ. ಆದರೂ ಅದು ನನ್ನ ಹೊತ್ತು. ಬೆಳಗಿನಿಂದ ಅದಕ್ಕಾಗಿ ಕಾಯುತ್ತಿದ್ದೆ. ಅವನು ಬಂದ ಮೂರನೆಯ ದಿನ ಗಂಡ ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡು, "ಇಟ್ಟ ಹೋಗು, ನಾ ಆಮ್ಯಾಲ ಉಣ್ತೇನಿ," ಎಂದರು. ನಾಲ್ಕನೆಯ ದಿನವೂ ಹಾಗೇ. ಐದನೆಯ ದಿನ, "ಇನ್ನೆರಡು ರೊಟ್ಟಿ ಜಾಸ್ತಿ ಹಾಕು," ಎಂದರು.

ನಾನು ದಿನ್ನೆ ಹತ್ತಿ ಹೋಗುವಾಗ ಕೆಳಗಿನಿಂದ ನಗು ಕೇಳುತ್ತಿತ್ತು. "ಮೇಟ್, ಮೇಟ್" ಎಂದು ಅವನು ಕರೆಯುವುದು, ಅವರೂ ತಿರುಗಿ ಹಾಗೇ ಕರೆಯುವುದು. ನನ್ನನ್ನು ಹೆಸರು ಹಿಡಿದು ಕರೆಯದ ಗಂಡ ಅವನಿಗೆ ಹೊಸ ಹೆಸರೊಂದನ್ನು ಕಲಿತು ಕರೆಯುತ್ತಿದ್ದರು.

ಅರ್ಥವೇನಿರಬಹುದೆಂದು ತಲೆ ಕೆಡಿಸಿಕೊಂಡೆ. ರಸ್ತೆ ಕೆಲಸದ ಗುಂಪಿನ ಮುಂದಾಳಿಗೆ ಮೇಟ್ ಎನ್ನುವುದನ್ನು ಕೇಳಿದ್ದೆ. ಆದರೆ ಇಬ್ಬರೂ ಒಬ್ಬರಿಗೊಬ್ಬರು ಮುಂದಾಳು ಹೇಗಾಗುತ್ತಾರೆ? ಅತ್ತೆಯನ್ನು ಕೇಳಿದರೆ, "ಮೇಟಿ ಅಂದಿರಬೇಕು. ಕಣದಾಗ ನಡುವ ನಡ್ತಾರಲ್ಲ, ಎತ್ತ ಸುತ್ತ ತಿರಗೂ ಕಂಬ," ಎಂದರು. ಕೊನೆಗೆ ಒಂದು ಬೆಳಿಗ್ಗೆ ಬಲೆ ಬಿಡಿಸುತ್ತಿದ್ದ ಗಂಡನನ್ನೇ ಕೇಳಿದೆ.

"ಅದು ಜಹಾಜಿನ ಮಾತು," ಎಂದರು. "ನಿನಗ ತಿಳಿಯೂದಿಲ್ಲ."

ಆ ಉತ್ತರಕ್ಕೆ ಮೈ ಉರಿದುಹೋಯಿತು. ಓದು ಬಲ್ಲವಳು ನಾನು. ಸಹಿ ಹಾಕಲು ಹೆಬ್ಬೆಟ್ಟು ಒತ್ತುವವರು ನನಗೆ ತಿಳಿಯುವುದಿಲ್ಲ ಎಂದರು.

ಒಂದು ಮಧ್ಯಾಹ್ನ ಬುಟ್ಟಿ ಕೊಟ್ಟು ಹೋದಂತೆ ಮಾಡಿ, ಬಂಡೆಗಳ ಹಿಂದಿನಿಂದ ಸುತ್ತಿ ಬಂದು ನೋಡಿದೆ. ಜಾಲಿಮರದ ಬುಡದಲ್ಲಿ ಅಗಲವಾದ ಬಿಳಿ ಪಿಂಗಾಣಿ ತಾಟು, ಅದರ ಅಂಚಿಗೆ ನೀಲಿ ಗೆರೆ, ಅವನು ಹಡಗಿನಿಂದ ತಂದದ್ದಿರಬೇಕು. ನನ್ನ ರೊಟ್ಟಿಗಳನ್ನು ಮುರಿದು ಅದರಲ್ಲಿ ಹಾಕಿದ್ದರು. ನಾನು ಮಾಡಿದ ಪುಂಡಿಪಲ್ಯ ನಡುವೆ. ಇಬ್ಬರ ಕೈಯೂ ಒಂದೇ ತಾಟಿನಲ್ಲಿ. ನನ್ನ ಗಂಡ ಒಂದು ತುತ್ತಿನಲ್ಲಿ ಹಸಿಮೆಣಸಿನಕಾಯಿ ಮುಚ್ಚಿ ಅವನ ಕಡೆ ಸರಿಸಿದರು. ಅವನು ತಿಂದು ಹಾ ಹಾ ಎಂದು ಕುಣಿದ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಊರಿನ ಕಣ್ಣಿನಲ್ಲಿ ಅದು ಎಂಥ ಅಪರಾಧವೆಂದು ನನಗೆ ಗೊತ್ತಿತ್ತು. ಆದರೆ ಸತ್ಯ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಜಾತಿ ನೆನಪಾಗಲಿಲ್ಲ. ನೆನಪಾದದ್ದು ನನ್ನ ಮದುವೆಯ ಭೂಮದೂಟ. ಅಂದು ದೊಡ್ಡ ಪರಾತದಲ್ಲಿ ಹೋಳಿಗೆ ಬಡಿಸಿ ಮದುಮಕ್ಕಳನ್ನು ಕೂಡಿಸಿ ಉಣಿಸಿದ್ದರು. ಅದೇ ಮೊದಲು, ಅದೇ ಕಡೆ. ಆಮೇಲೆ ಎರಡು ವರ್ಷ ಅವರು ಉಂಡು ಎದ್ದ ಮೇಲೆ ಅದೇ ತಾಟಿನಲ್ಲಿ ನಾನು ಹಾಕಿಕೊಂಡು ಉಣ್ಣುತ್ತಿದ್ದೆ. ಹೆಂಡತಿಗೆ ಸಿಗುವುದು ಅಷ್ಟೇ ಎಂದುಕೊಂಡಿದ್ದೆ. ನನಗೆ ಸಿಗದಿದ್ದ ಆ ತಾಟು ಇವನಿಗೆ ದಿನವೂ ಸಿಗುತ್ತಿತ್ತು.

ಶ್ರಾವಣದಲ್ಲಿ ಪಂಚಮಿಗೆ ತವರಿಗೆ ಕರೆಯಲು ಅಣ್ಣ ಬಂದ. ಗಂಡನೇ ಹರಿಗೋಲಿನಲ್ಲಿ ನಮ್ಮನ್ನು ಆಚೆ ದಡಕ್ಕೆ ಬಿಟ್ಟರು. ಹುಟ್ಟಿನ ಎದುರು ಬದಿಗೆ ಅವನು ಕೂತು ಕೈ ಹಚ್ಚಿದ್ದ. "ಹುಷಾರ ಹೋಗಿ ಬರ್ರಿ, ವೈನಿ," ಎಂದ. ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ವೈನಿ ಎನ್ನುವ ಸಲಿಗೆ ಯಾರು ಕೊಟ್ಟರು ಎಂದುಕೊಂಡು ನಾನು ಮುಖ ತಿರುಗಿಸಿದೆ. ಅಲ್ಲಿಂದ ಎತ್ತಿನ ಗಾಡಿ. ದೋರನಹಳ್ಳಿ ದಾಟಿ ಶಹಾಪುರ ಮುಟ್ಟುವ ಹೊತ್ತಿಗೆ ಮಳೆ ಹಿಡಿಯಿತು. ಅಂದು ಅಲ್ಲಿ ಸೋದರತ್ತೆಯ ಮನೆಯಲ್ಲಿ ತಂಗಿ, ಮರುದಿನ ಸುರಪುರ ಸೇರಿದೆವು. ದಾರಿಯುದ್ದಕ್ಕೂ ಅವರಿಬ್ಬರೂ ಈಗ ಏನು ಮಾಡುತ್ತಿರಬಹುದು, ನಾನಿಲ್ಲದ ಮೇಲೆ ರೊಟ್ಟಿ ಯಾರು ಒಯ್ಯುತ್ತಾರೆ, ಒಂದು ವೇಳೆ ಅವನೇ ಮಾಡಿಕೊಡುತ್ತಾನೋ ಎಂದು ಇದನ್ನೇ ಯೋಚಿಸಿದೆ. ಅಡುಗೆಯವನ ಆಳು ತಾನೇ, ನನಗಿಂತ ರುಚಿಯಾಗಿ ಮಾಡಿದರೆ?

ಅಪ್ಪನ ಪಡಸಾಲೆಗೆ ಸಂಜೆ ಮುನ್ಷಿ ಸಾಹೇಬರೊಬ್ಬರು ಶತರಂಜ್ ಆಡಲು ಬರುತ್ತಿದ್ದರು. ಕಚೇರಿಯ ನೌಕರಿ ಮುಗಿಸಿ ಮನೆಯಲ್ಲಿದ್ದ ಮುದುಕರು. ಫಾರಸಿ, ಉರ್ದು, ಇಂಗ್ಲಿಷ್ ಮೂರನ್ನೂ ಬಲ್ಲವರು. ಗೇಣು ದಪ್ಪದ ಒಂದು ಇಂಗ್ಲಿಷ್ ನಿಘಂಟು ಅವರ ಹತ್ತಿರ ಇತ್ತು. ಮೇಟ್ ಎಂದರೇನು ಎಂದು ನಾನು ಕೇಳಿದಾಗ ಅಪ್ಪ, "ಅದರಾಗೇನದ, ನಮ್ಮ ಮೇಟಿನ ಅದು. ಗೋರೆಯವರು ನಮ್ಮಿಂದ ಕಲತಾರ," ಎಂದರು.

ಮುನ್ಷಿಯವರು ನಕ್ಕು, "ಮಾಸ್ತರ್, ಎಲ್ಲಾ ಲಫ್ಜ್ ಸುರಪುರದಾಗ ಹುಟ್ಟಿಲ್ರಿ," ಎಂದರು. ಮರುದಿನ ಆ ನಿಘಂಟನ್ನು ಬಗಲಲ್ಲಿ ಇಟ್ಟುಕೊಂಡೇ ಬಂದರು. ಕನ್ನಡಕ ಏರಿಸಿ, ಬೆರಳಿಟ್ಟು, ನನಗೆ ತಿಳಿಯುವಂತೆ ಒಂದೊಂದೇ ಹೇಳಿದರು.

"ಬೇಟಿ, ಈ ಲಫ್ಜಿಗೆ, ಈ ಶಬ್ದಕ್ಕ, ಎರಡು ತವರಮನಿ ಅವ. ಮೊದಲನೇದು ಕೇಳು. ಜಹಾಜಿನ್ಯಾಗ ಕಪ್ತಾನನ ಕೆಳಗ ಇರೂ ಅಫ್ಸರಗ ಮೇಟ್ ಅಂತಾರ. ಕೂಡಿ ಕೆಲಸ ಮಾಡೂ ಜತಿಗಾರಗೂ ಅಂತಾರ. ದೋಸ್ತಗೂ ಅಂತಾರ. ಹಕ್ಕಿ ಜೋಡಿಯೊಳಗ ಒಂದಕ್ಕೂ ಅಂತಾರ. ಗಂಡಗ ಹೆಂಡ್ತಿ, ಹೆಂಡ್ತಿಗೆ ಗಂಡ, ಅವರಿಗೂ ಅಂತಾರ."

"ಹೆಂಡ್ತಿಗೂ ಅಂತಾರ?" ಎಂದೆ.

"ಬರಾಬರ್. ಇಲ್ಲೇ ಬರದಾರ. ಇನ್ನ ಇದು ಎಲ್ಲಿಂದ ಬಂತಪಾ ಅಂದ್ರ, ಉತ್ತರದ ಸಮುದ್ರದ ಕಡೆ ಹಡಗಿನ ವ್ಯಾಪಾರ ಮಾಡೂ ಮಂದಿ ಒಂದು ಹಳೇ ಭಾಷಾ ಆಡ್ತಿದ್ರು. ಅದರಾಗ ಇದರ ಬುಡ ಅಂದ್ರ ಖಾನಾ, ಊಟ. ಇಂಗ್ಲಿಷಿನ್ಯಾಗ ಮಾಂಸಕ್ಕ ಮೀಟ್ ಅಂತಾರಲ್ಲ, ಅದೂ ಇದೂ ಒಂದ ಬಳಗ. ಮೊದಲ ಅದಕ್ಕೂ ಬರೇ ಊಟ ಅಂತನ ಅರ್ಥ ಇತ್ತು. ಅಂದ ಮ್ಯಾಲ ಮೇಟ್ ಅಂದ್ರ ಕೂಡಿ ಉಣ್ಣಾಂವ. ಒಬ್ಬರ ಅನ್ನದಾಗ ಒಬ್ಬರು ಪಾಲ ತಗೊಳ್ಳಾಂವ."

ಬಂಡೆಯ ಹಿಂದಿನಿಂದ ನಾನು ಕಂಡದ್ದನ್ನೇ ಈ ಮುದುಕರು ಪುಸ್ತಕದಲ್ಲಿ ಓದಿ ಹೇಳುತ್ತಿದ್ದರು.

"ಮತ್ತ ಎರಡನೇ ತವರಮನಿ?"

ಅವರು ಚದುರಂಗದ ಹಲಗೆಯ ಮೇಲಿದ್ದ ಅಪ್ಪನ ರಾಜನನ್ನು ಬೆರಳಿಂದ ತಟ್ಟಿದರು. "ಇದು. ಇದರದು ನಮ್ಮ ಫಾರಸಿ. ಶಹ ಮಾತ್. ಗೋರೆಯವರ ಬಾಯಾಗ ಅದೂ ಮೇಟ್ ಆತು. ರಾಜಾ ಸತ್ತ ಅಂತ ಮಂದಿ ಹೇಳ್ತಾರ, ಅದು ಖರೇ ಅಲ್ಲ. ಮಾತ್ ಅಂದ್ರ ದಿಕ್ಕು ತಪ್ಪಿ ನಿಂತಾಂವ. ಎತ್ತ ಹೋಗಬೇಕು ತಿಳೀದಾಂವ. ನೋಡ್ರಿ ಮಾಸ್ತರ್, ಈಗ ನೀವು ಆಗೀರಲ್ಲ, ಹಂಗ."

ಅಪ್ಪ ಹಲಗೆ ನೋಡಿ ಹಣೆ ಬಡಿದುಕೊಂಡರು.

ನನಗೆ ಎರಡನೆಯ ಅರ್ಥ ಬೇಡವಾಗಿತ್ತು. ಹೆಂಡತಿಗೂ ಮೇಟ್ ಅನ್ನುತ್ತಾರೆ ಎಂಬುದೊಂದು ಸಾಕಾಗಿತ್ತು. ಉಂಡಿ, ತಂಬಿಟ್ಟು ಕಟ್ಟಿಕೊಂಡು, ಆ ಅರ್ಥವನ್ನೂ ಗಂಟು ಕಟ್ಟಿಕೊಂಡು, ಇನ್ನೂ ನಾಲ್ಕು ದಿನ ಇರು ಎಂದರೂ ಕೇಳದೆ ಯಾದಗಿರಿಗೆ ಹೊರಟುಬಂದೆ.

ಬಂದ ಮರುದಿನ ಮಧ್ಯಾಹ್ನ ಬುಟ್ಟಿ ಒಯ್ದಾಗ ಇಬ್ಬರೂ ಜಾಲಿಮರದ ಕೆಳಗಿದ್ದರು. ಗಂಡ ಕೈ ಚಾಚಿದರು. ನಾನು ಕೊಡಲಿಲ್ಲ.

"ಆ ಮಾತಿನ ಅರ್ಥ ನಾ ತಿಳಕೊಂಡ ಬಂದೇನಿ," ಎಂದೆ. "ಮೇಟ್ ಅಂದ್ರ ಕೂಡಿ ಉಣ್ಣಾಂವ. ಮೇಟ್ ಅಂದ್ರ ಹೆಂಡ್ತಿ ಸೈತ. ಕಿತಾಬಿನ್ಯಾಗ ಬರದಾರ. ಹಂಗಾದ್ರ ನಾನೂ ನಿಮಗ ಮೇಟ್ ಆಗಬೇಕಲ್ಲರಿ?"

ನನ್ನ ಗಂಡ ಗೆಳೆಯನ ಮುಖ ನೋಡಿದರು. ಅದನ್ನೂ ನನಗೆ ತಡೆಯಲಾಗಲಿಲ್ಲ. ನಾನು ಕೇಳಿದ್ದಕ್ಕೂ ಅವನ ಮುಖ ನೋಡಬೇಕೇ?

ಅವನು ಮಾತ್ರ ಖುಷಿಯಾದ. "ಖರೇ ಹೇಳಿದ್ರಿ ವೈನಿ. ನಮ್ಮ ಜಹಾಜಿನ್ಯಾಗ ಕಪ್ತಾನನ ಕೆಳಗಿನ ಸಾಹೇಬಗೂ ಮೇಟ್ ಅಂತಾರ, ಗಡಿಗಿ ತಿಕ್ಕೋ ನನಗೂ ಮೇಟ್ ಅಂತಾರ. ಕೆಲಸಾ ಮುಗಿದ ಮ್ಯಾಲ ನಾವು ಹತ್ತ ಮಂದಿ ಒಂದ ಪರಾತದ ಸುತ್ತ ಕೂಡ್ತಿದ್ವಿ. ಯಾವ ಊರು, ಯಾವ ಕೇರಿ, ಯಾರೂ ಕೇಳಲಿಲ್ಲ. ಮೊದಲನೇ ದಿವಸ ನನಗ ಕೈ ಹಾಕಲಿಕ್ಕ ಧೈರ್ಯ ಆಗಲಿಲ್ಲ. ಬಾಜೂಕ ಕೂತಾಂವ ನನ್ನ ಮಣಿಕಟ್ಟ ಹಿಡದು ಅನ್ನದಾಗ ಇಟ್ಟ." ಹೀಗೆಂದು ಅವನು ಬದಿಗೆ ಸರಿದು ತಾಟಿನ ಮುಂದೆ ಜಾಗ ಮಾಡಿದ. "ಬರ್ರಿ, ನೀವೂ ಕೂಡ್ರಿ. ಮೂರೂ ಮಂದಿ ಉಣ್ಣೂಣು."

ಗಂಡ ನನ್ನ ಕಡೆ ನೋಡಿದರು. "ಬಾ," ಎಂದರು. ಮೆಲ್ಲಗೆ, ಆಸೆಯಿಂದ. ಅವರು ನನ್ನನ್ನು ಹಾಗೆ ಎಂದೂ ಕರೆದಿರಲಿಲ್ಲ.

ನಾನು ಎರಡು ವರ್ಷ ಕಾದದ್ದು ಆ ಒಂದು ಮಾತಿಗೆ. ಆದರೆ ನನ್ನ ಕಾಲು ಏಳಲಿಲ್ಲ. ಅವನ ಕೈ ಹತ್ತಿದ ತಾಟು ಎಂದು ಆಗ ನನಗೆ ಜಾತಿ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ನನ್ನ ಗಂಡನ ಪಕ್ಕದಲ್ಲಿ ಕೂಡಲು ಇವನ ಅಪ್ಪಣೆ ಬೇಕೇ, ಇವನು ಸರಿದು ಕೊಟ್ಟ ಜಾಗದಲ್ಲಿ ನಾನು ಕೂಡಬೇಕೇ ಎಂಬ ಕಿಚ್ಚು. ಬುಟ್ಟಿಯನ್ನು ನೆಲಕ್ಕೆ ಕುಕ್ಕಿ, "ನಿಮ್ಮ ಎಂಜಲಾ ನಿಮಗ ಇರಲಿ," ಎಂದು ಹೇಳಿ ತಿರುಗಿ ನಡೆದೆ. ಅಂದು ಹಿಂದಿನಿಂದ ನಗು ಕೇಳಲಿಲ್ಲ.

ಹದಿನೈದು ದಿನ ಕಳೆಯಿತು. ಒಂದು ಬೆಳಿಗ್ಗೆ ಅತ್ತೆ ಮತ್ತು ನಾನು ಎದುರುಬದುರು ಕೂತು ಜೋಳ ಬೀಸುತ್ತಿದ್ದೆವು. ಅತ್ತೆ ಬೀಸುಕಲ್ಲು ನಿಲ್ಲಿಸಿ, "ನನ್ನ ಮಗಾ ಸೊರಗ್ಯಾನ. ನೀ ಹೊಟ್ಟಿ ತುಂಬ ಒಯ್ಯಾಕತ್ತಿಲ್ಲೇನು? ಗಂಡಗ ಉಣಸೂದೂ ನಿಮ್ಮವ್ವ ಕಲಿಸಿಲ್ಲೇನು?" ಎಂದರು.

"ನಾ ಒಯ್ಯೂದು ಇಬ್ಬರಿಗೆ ಆಗಬೇಕಲ್ಲರಿ," ಎಂದೆ. "ಕೇರಿಯಾಂವನ ಜೋಡಿ ಒಂದ ತಾಟಿನ್ಯಾಗ ಉಂಡ್ರ ಸೊರಗದ ಏನ ಮಾಡ್ತಾರ?"

ಬಾಯಿ ತಪ್ಪಿ ಬಂತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ತಪ್ಪಿ ಬಂದದ್ದಲ್ಲ. ಆ ಹದಿನೈದು ದಿನವೂ ಆ ವಾಕ್ಯ ನನ್ನ ಬಾಯಲ್ಲಿತ್ತು. ಉಗುಳಲು ಜಾಗ ಹುಡುಕುತ್ತಿದ್ದೆ.

ಅತ್ತೆ ಬೀಸುಕಲ್ಲಿನ ಮುಂದಿನಿಂದ ಎದ್ದುಬಿಟ್ಟರು. ಅವರು ಯಾರಿಗೂ ಹೇಳಬಾರದೆಂದೇ ಇದ್ದರು. ಆದರೆ ಅಂದೇ ಮಧ್ಯಾಹ್ನ ಸಿಟ್ಟು ತಡೆಯದೆ ಕಡವಿಗೆ ಹೋಗಿ, ಆ ತಾಟನ್ನು ಎತ್ತಿ ಬಂಡೆಗೆ ಅಪ್ಪಳಿಸಿ ಅತ್ತರು. ಹೊಳೆ ದಾಟಲು ನಿಂತವರೆಲ್ಲ ನೋಡಿದರು. ಸಂಜೆಯೊಳಗೆ ಓಣಿಯ ಹಿರಿಯರು ನಮ್ಮ ಕಟ್ಟೆಗೆ ಬಂದು ಕೂತರು. ಶುದ್ಧಿ ಮಾಡಿಸಿಕೊಳ್ಳದಿದ್ದರೆ ಹರಿಗೋಲಿಗೆ ಯಾರೂ ಕಾಲಿಡುವುದಿಲ್ಲ, ಈ ಮನೆಯ ಬೆಂಕಿ, ನೀರು ಯಾರೂ ಮುಟ್ಟುವುದಿಲ್ಲ ಎಂದರು. ನನ್ನ ಗಂಡ, "ನಾ ಏನೂ ಹೊಲಸು ಮಾಡಿಲ್ಲ," ಎಂದದ್ದಷ್ಟೇ. ಎರಡು ದಿನ ಹಟ ಹಿಡಿದು ಕೂತರು. ಅತ್ತೆ ಎರಡು ದಿನವೂ ನೀರು ಕುಡಿಯಲಿಲ್ಲ. ಮೂರನೆಯ ದಿನ ಗಂಡ ಒಪ್ಪಿದರು.

ಹೊಳೆಯ ದಂಡೆಯಲ್ಲಿ ತಲೆ, ಮೀಸೆ ಬೋಳಿಸಿದರು. ಮೂರು ಸಲ ಮುಳುಗಿಸಿದರು. ಕೊನೆಗೆ ಕಾಯಿಸಿದ ಬಂಗಾರವನ್ನು ನಾಲಿಗೆಗೆ ಮುಟ್ಟಿಸಬೇಕು ಎಂದರು. ನಮ್ಮ ಮನೆಯಲ್ಲಿ ಇದ್ದ ಬಂಗಾರವೆಂದರೆ ನನ್ನ ಕಿವಿಯ ಬೆಂಡೋಲೆ ಮಾತ್ರ. ಅತ್ತೆ ಕೈ ಚಾಚಿದಾಗ ನಾನು ಬಿಚ್ಚಿ ಕೊಟ್ಟೆ. ಹಿರಿಯರೊಬ್ಬರು ಅದನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ಕಾಯಿಸಿದರು. ನನ್ನ ಗಂಡ ನಾಲಿಗೆ ಚಾಚುವ ಮೊದಲು ಒಮ್ಮೆ ನನ್ನ ಬರಿಗಿವಿಯ ಕಡೆ ನೋಡಿದರು. ನಾನು ಸೆರಗು ಎಳೆದುಕೊಂಡೆ.

ಅವನು ಅಷ್ಟರೊಳಗೆ ಹೊರಟುಹೋಗಿದ್ದ. ಹಿರಿಯರು ಕೂತ ಮರುದಿನವೇ ಬೆಳಗಿನ ಗಾಡಿಗೆ ಹೋದನಂತೆ, ತನ್ನಿಂದ ಗೆಳೆಯನಿಗೆ ತೊಂದರೆಯಾಗಬಾರದೆಂದು. ನನ್ನ ಗಂಡನನ್ನು ಕಂಡು ಹೋಗಲಿಲ್ಲ.

ನಾಲ್ಕೈದು ದಿನ ಗಂಡನಿಗೆ ಖಾರ ಮುಟ್ಟಲಾಗಲಿಲ್ಲ. ನುಚ್ಚಿನ ಗಂಜಿಗೆ ಮಜ್ಜಿಗೆ ಬೆರೆಸಿ ಕೊಟ್ಟೆ. ಗೋಡೆಯ ಕಡೆ ಮುಖ ಮಾಡಿ ಕುಡಿದರು. ನಾಲಿಗೆ ಮಾಗಿದ ಮೇಲೂ ಮುಖ ತಿರುಗಿಸಿಯೇ ಉಂಡರು. ಬುಟ್ಟಿ ಒಯ್ಯುವುದು ನಿಂತಿತು. ಮಧ್ಯಾಹ್ನ ಮನೆಗೇ ಬಂದು ಉಂಡು ಹೋಗುತ್ತಿದ್ದರು. ನಾನು ಬಯಸಿದ ಹಾಗೆಯೇ ಆಗಿತ್ತು. ಗಂಡ ಯಾರ ಜೊತೆಗೂ ನಗುತ್ತಿರಲಿಲ್ಲ.

ಆದರೆ ಪ್ರತಿ ಸಂತೆಯ ದಿನ ಅವರು ಬಲೆಯಲ್ಲಿ ಬಿದ್ದ ಒಳ್ಳೆಯ ಮೀನನ್ನು ಎಲೆಯಲ್ಲಿ ಸುತ್ತಿ, ಕೇರಿಯ ಅಂಚಿನಲ್ಲಿದ್ದ ಅವನ ತಾಯಿಯ ಮನೆಯ ಬಾಗಿಲಲ್ಲಿ ಇಟ್ಟು ಬರುತ್ತಾರೆಂದು ತಿಳಿಯಿತು. ನನಗೆ ಆ ಮುದುಕಿಯ ಮೇಲೂ ಹೊಟ್ಟೆಕಿಚ್ಚಾಯಿತು. ದೀಪಾವಳಿಯ ಹಿಂದಿನ ವಾರ, ಏನು ಮಾಡಲು ಹೋಗುತ್ತಿದ್ದೇನೆಂದು ತಿಳಿಯದೆ, ಅವಳ ಮನೆ ಹುಡುಕಿಕೊಂಡು ಹೋದೆ. ಜಗಳಕ್ಕೋ, ಕ್ಷಮೆ ಕೇಳಲೋ, ಇಂದಿಗೂ ಹೇಳಲಾರೆ.

ಮುದುಕಿ ಒಂದೇ ಕೈಯಲ್ಲಿ ಅಂಗಳ ಗುಡಿಸುತ್ತಿದ್ದಳು. ಮುರಿದ ಕೈ ಸೊಟ್ಟಗೆ ಕೂಡಿಕೊಂಡಿತ್ತು. ನಾನು ಯಾರೆಂದು ಹೇಳಿದೆ. ಅವಳು ಪೊರಕೆ ಇಟ್ಟು ನೆಟ್ಟಗಾದಳು.

"ಕೂಡಂತ ಹ್ಯಾಂಗ ಹೇಳ್ಲೆವ್ವ ನಿನಗ," ಎಂದಳು. "ನೀ ಕೂತ್ರ ನಿನ್ನ ನಾಲಿಗಿಗೂ ಬಂಗಾರ ಕಾಸ್ತಾರ."

ನಾನು ಅಂಗಳದ ಕಲ್ಲಿನ ಮೇಲೆ ಕೂತೆ. ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಮಗನಿಗೆ ಮತ್ತೆ ಹಡಗು ಸಿಕ್ಕಿದೆ, ಸ್ಟೇಷನ್ನಿನ ಒಬ್ಬ ಬಾಬು ಕಾರ್ಡು ಓದಿ ಹೇಳಿದ ಎಂದಳು. ಆಮೇಲೆ, "ನನ್ನ ಮಗಾ ನಿನ್ನ ಬೈಲಿಲ್ಲ. ಹೋಗೂ ಮುಂದ ಅಂದ, ಅಕಿ ನನಗಿಂತ ಹಸದಾಕಿ ಇದ್ಲು, ನಮಗ ತಿಳೀಲಿಲ್ಲ, ಅಂದ," ಎಂದಳು.

ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಒಳ್ಳೆಯವನೂ ಆಗಿರಬೇಕಿತ್ತೇ ಎಂದು ಅದಕ್ಕೂ ಅಸೂಯೆಪಟ್ಟೆ.

ಆ ಮಧ್ಯಾಹ್ನ ಹಿತ್ತಿಲಲ್ಲಿ ಬಲೆ ಹೊಲಿಯುತ್ತಿದ್ದ ಗಂಡನ ಎದುರು ಹೋಗಿ ನಿಂತೆ. "ಅತ್ತಿಯವರಿಗೆ ಹೇಳಿದಾಕಿ ನಾನು," ಎಂದೆ.

"ಗೊತ್ತದ," ಎಂದರು, ಸೂಜಿ ನಿಲ್ಲಿಸದೆ.

"ಯಾವಾಗಿಂದ?"

"ಬೆಂಡೋಲಿ ಕೇಳಿದಾಗ ತಕರಾರಿಲ್ದ ಬಿಚ್ಚಿ ಕೊಟ್ಟಿ. ಬ್ಯಾರೆ ಯಾರ ಹೆಂಡ್ತಿ ಆಗಿದ್ರೂ ಊರ ಒಂದ ಮಾಡ್ತಿದ್ಳು."

"ಮತ್ಯಾಕ ನನಗ ಹೊಡೀಲಿಲ್ಲ? ಬೈಲಿಲ್ಲ?"

"ಹೊಡದ್ರ ಅಂವ ತಿರುಗಿ ಬರ್ತಿದ್ನೇನು?"

ಸೂಜಿಯನ್ನು ಬಲೆಗೆ ಚುಚ್ಚಿಟ್ಟು ಅವರು ತಲೆಯೆತ್ತಿದರು. "ನೀ ಓದಿದಾಕಿ ಅಲ್ಲೇನು? ನನಗ ಬರೀಲಿಕ್ಕ ಕಲಿಸು. ಆ ಸ್ಟೇಷನ್ ಬಾಬುನ ಕೈಲೆ ಬರಸಲಿಕ್ಕ ನನಗ ನಾಚಿಕಿ. ಅವಗ ನಾನ ಬರೀಬೇಕು."

ನನಗೆ ಬಿದ್ದ ಶಿಕ್ಷೆ ಅದು. ಅವನಿಗೆ ಕಾಗದ ಬರೆಯಲು ನಾನೇ ಅಕ್ಷರ ಕಲಿಸಬೇಕು. ಒಪ್ಪಿದೆ.

ದಿನಾ ಮಧ್ಯಾಹ್ನ ಊಟವಾದ ಮೇಲೆ ಹಿತ್ತಿಲ ನೆಲದಲ್ಲಿ ಹೊಳೆಯ ಉಸುಕು ಹರಡಿ ಕೂಡುತ್ತಿದ್ದೆವು. ಅವರ ಬೆರಳು ಹುಟ್ಟು ಹಿಡಿದು ಒರಟಾಗಿತ್ತು, ಸುಲಭವಾಗಿ ಬಾಗುತ್ತಿರಲಿಲ್ಲ. ಹಿಡಿದು ತಿದ್ದಿಸುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗುತ್ತಿದ್ದರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ನಾವು ಹಗಲು ಹೊತ್ತಿನಲ್ಲಿ ಕೂತದ್ದು ಅದೇ ಮೊದಲು. ಆದರೂ ಒಂದು ಮೋಸ ಮಾಡಿದೆ. ಅವರಿಗೆ ಮೊದಲು ಬೇಕಾಗಿದ್ದುದು ಯಾವ ಮಾತು ಎಂದು ಗೊತ್ತಿತ್ತಲ್ಲ. ಅ ಆ ಇ ಈ ಎಂದು ಸಾಲು ತಪ್ಪದೆ, ಒಂದೊಂದು ಅಕ್ಷರಕ್ಕೆ ಮೂರು ದಿನ ಹಿಡಿದು ಕಲಿಸಿದೆ.

"ಮ ಎಲ್ಲದ?" ಎಂದು ಕೇಳುತ್ತಿದ್ದರು.

"ಇನ್ನೂ ದೂರ ಅದ," ಎನ್ನುತ್ತಿದ್ದೆ.

ಚಳಿಗಾಲವೆಲ್ಲ ಹೀಗೆ ಹೋಯಿತು. ಯುಗಾದಿ ಹತ್ತಿರ ಬಂದಾಗ ಒಂದು ದಿನ ಅವರು ನಾನು ಬರುವ ಮೊದಲೇ ಉಸುಕಿನಲ್ಲಿ ಮ ಬರೆದು ಕೂತಿದ್ದರು. ಓಣಿಯಲ್ಲಿ ಕನ್ನಡ ಅಕ್ಷರ ಬಲ್ಲ ಒಬ್ಬ ಹುಡುಗನಿಂದ ಬರೆಸಿ ನೋಡಿಕೊಂಡಿದ್ದರಂತೆ. "ಇದು ದೂರ ಇತ್ತೇನು?" ಎಂದು ಕೇಳಿ, ಆರು ತಿಂಗಳ ಮೇಲೆ ಮೊದಲ ಸಲ ನಕ್ಕರು. ನನಗೂ ನಗು ಬಂತು. ಏತ್ವ ಹಚ್ಚಿ ದೀರ್ಘ ಎಳೆಯುವುದನ್ನು ಅಂದೇ ತೋರಿಸಿಬಿಟ್ಟೆ.

ಮೊದಲ ಕಾಗದ ಹೋದದ್ದು ಮುಂಗಾರು ಹಿಡಿದ ಮೇಲೆ. ಮುದುಕಿಯ ಹತ್ತಿರದ ಕಾರ್ಡಿನಿಂದ ವಿಳಾಸ ಇಳಿಸಿಕೊಂಡು ಬಂದವಳು ನಾನು. ಒಂದು ಪುಟ ಬರೆಯಲು ಅವರಿಗೆ ಐದು ದಿನ ಹಿಡಿಯಿತು. ಹೊಳೆಗೆ ನೀರು ಬಂದಿದೆ, ನಿನ್ನ ಅವ್ವ ಚೆನ್ನಾಗಿದ್ದಾಳೆ, ನಮ್ಮ ಎಮ್ಮೆ ಈದಿದೆ, ಇಂಥವೇ ಸುದ್ದಿ. ಕೊನೆಯ ಸಾಲಿನಲ್ಲಿ, ಇದನ್ನು ಕಲಿಸಿದಾಕಿ ಮನಿಯಾಕಿ, ಸಿಟ್ಟಿನಾಕಿ, ಆದ್ರ ಕಲಿಸೂದು ಚಲೋ ಕಲಿಸ್ತಾಳ ಎಂದಿತ್ತು. ಎರಡು ತಿಂಗಳ ಮೇಲೆ ಉತ್ತರ ಬಂತು, ಹಡಗಿನ ಕನ್ನಡದವನೊಬ್ಬನ ಕೈಬರಹದಲ್ಲಿ. ವೈನಿಗೆ ನಮಸ್ಕಾರ ಎಂದು ಬರೆಸಿದ್ದ.

ನಿಜಾಮರ ಆಳಿಕೆ ಮುಗಿಯುವ ವರ್ಷ, ಊರೂರಲ್ಲಿ ಹೆದರಿಕೆ ಹಬ್ಬಿದ್ದಾಗ, ಅವನು ಬಂದು ತಾಯಿಯನ್ನು ಮುಂಬಯಿಗೆ ಕರೆದುಕೊಂಡು ಹೋದ. ಗಂಡ ಸ್ಟೇಷನ್ನಿಗೆ ಹೋಗಿ ಗಾಡಿ ಹತ್ತಿಸಿ ಬಂದರು. ನನಗೆ ಆಗ ಬಾಣಂತನ, ಹೋಗಲಾಗಲಿಲ್ಲ. ಹೋಗಬಹುದಾಗಿದ್ದರೂ ಹೋಗುತ್ತಿದ್ದೆನೋ ಇಲ್ಲವೋ. ಅಲ್ಲಿ ಇಬ್ಬರೂ ಏನು ಮಾತಾಡಿದರು ಎಂದು ಕೇಳಿದಾಗ "ಏನಿಲ್ಲ" ಎಂದರು. ಆ ಏನಿಲ್ಲ ಎಂಬುದನ್ನು ಎಷ್ಟೋ ದಿನ ಕೆದಕಿದೆ.

ಆಮೇಲೆ ಹಲವಾರು ವರ್ಷ ಅವರ ನಡುವೆ ಕಾಗದಗಳು ಹೋಗುತ್ತ ಬರುತ್ತ ಇದ್ದವು. ಅವರು ಕಂದೀಲಿನ ಗೂಡಿನ ಕೆಳಗೆ ಕೂತು ಬರೆದು, ಹೊಳೆಗೆ ಹೋದ ಮೇಲೆ ನಾನು ಒಂದೊಂದನ್ನೂ ಓದುತ್ತಿದ್ದೆ. ನನ್ನ ತಪ್ಪಿನ ಸುದ್ದಿ ಒಂದರಲ್ಲೂ ಇರಲಿಲ್ಲ. ನಾನು ಓದುತ್ತೇನೆಂದು ಅವರಿಗೆ ಗೊತ್ತಿತ್ತು. ಬರೆದ ಹಾಳೆಯನ್ನು ಮಡಿಸದೆ, ಗಾಳಿಗೆ ಹಾರದ ಹಾಗೆ ಮೇಲೆ ಒಂದು ಕಲ್ಲು ಇಟ್ಟು ಹೋಗುತ್ತಿದ್ದರು.